ಎಡಗೈ ಪ್ರಸಾದ

ಕರ್ ಕರ್ ಕರ್ — ತಳ ಹಿಡಿದ ಹಾಲಿನ ಪಾತ್ರೆಯನ್ನು ತೆಂಗಿನ ಚಿಪ್ಪಿನಿಂದ ಕೆರೆದ ಹಾಗೆ, ಅಲ್ಲ, ಅದಕ್ಕಿಂತ ಸಣ್ಣ ಸದ್ದು, ಶುರುವಾಯಿತು ಹಾಗಾದರೆ, ಮುಚ್ಚಿದ ಬಾಗಿಲಿನ ಆಚೆ ಡಾಕ್ಟರು ನಾಯಿಯ ಹಲ್ಲು ಕೆರೆಯಲು ಶುರುಮಾಡಿದರು, ಜಗಲಿಯ ಬೆಂಚಿನ ತುದಿಯಲ್ಲಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತ ಕಲ್ಲಮ್ಮ ತನ್ನ ಬಾಯಿಗೇ ಯಾರೋ ಕಬ್ಬಿಣ ಹಾಕಿದ್ದಾರೇನೋ ಎನ್ನುವಂತೆ ದವಡೆ ಕಚ್ಚಿಕೊಂಡಳು, ಅಯ್ಯೋ ಶಿವನೇ, ನನ್ನ ಹಲ್ಲು ಜುಮ್ಮೆಂದಾಗ ಒಂದು ಲವಂಗ ಕಚ್ಚಿಕೊಂಡು ಮಲಗಿದ್ದೇನೆಯೇ ಹೊರತು ಯಾವ ಡಾಕ್ಟರ ಮುಖವನ್ನೂ ನೋಡಿದವಳಲ್ಲ, ನಾಯಿಗೆ ಬಂತು ನೋಡು ಯೋಗ, ಜಗಳೂರಿಗೆ ಬಂದು ಮೇಜಿನ ಮೇಲೆ ಮಲಗಿ ಹಲ್ಲು ಉಜ್ಜಿಸಿಕೊಳ್ಳುವ ಯೋಗ, ಜನ ನಗದೆ ಇನ್ನೇನು ಮಾಡ್ಯಾರು. ಬೆಳಿಗ್ಗೆ ಬಂದಾಗ ಜಗಲಿಯ ಕೆಳಗೆಲ್ಲ ಕುರಿ, ಕೆಮ್ಮುವ ಕುರಿ, ಕುಂಟುವ ಕುರಿ, ಟಗರಿನ ಕೊಂಬು ಹಿಡಿದು ನಿಂತಿದ್ದ ಒಬ್ಬ ಕೇಳಿಯೇ ಬಿಟ್ಟ, ಏನಮ್ಮಾ, ನಾಯಿ ಯಾರನ್ನಾರ ಕಚ್ಚೈತಾ, ಇಲ್ಲಪ್ಪ, ಹಲ್ಲು ಕಿಲೀನ್ ಮಾಡಸಾಕೆ ಬಂದೀನಿ, ಏನಂದ್ರೀ, ಹಲ್ಲಾ, ನಾಯಿ ಹಲ್ಲಾ, ಹಂಗಾರೆ ಬರೋ ಸೋಮವಾರ ನಮ್ಮ ಟಗರಿಗೂ ಒಂದು ತಲೆ ಬಾಚಿಸ್ಕಂಡು ಹೋಗಾನ ಬಿಡ್ರಿ, ಎಲ್ಲರೂ ಹೋ ಎಂದು ನಕ್ಕರು, ಅವಳೂ ನಕ್ಕಳು, ನಗದಿದ್ದರೆ ಅತ್ತೇಬಿಡುತ್ತಿದ್ದಳು. ಈ ಡಾಕ್ಟರು ತಿಪ್ಪೇರುದ್ರಸ್ವಾಮಿ ಮಿಲಿಟರಿಯಲ್ಲಿ ನಾಯಿ ಕುದುರೆಗಳಿಗೇ ಡಾಕ್ಟರಾಗಿದ್ದವರಂತೆ, ಅಲ್ಲಿ ನಾಯಿಗೂ ನಂಬರಂತೆ, ನಾಯಿಗೂ ವರ್ಷಕ್ಕೊಮ್ಮೆ ಹಲ್ಲು ನೋಡುವುದಂತೆ, ರಿಟೈರಾಗಿ ಊರಿಗೆ ಬಂದು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಒಂದು ಮೇಜು ಹಾಕಿಕೊಂಡು ಕೂತಿದ್ದಾರೆ, ಗೋಡೆಗೆ ಎಂಬತ್ತಮೂರನೇ ಇಸವಿಯ ಕ್ಯಾಲೆಂಡರು, ಅದರ ಪಕ್ಕ ಕುದುರೆಯ ಮೇಲೆ ಕೂತ ಅವರದೇ ಫೋಟೋ. ಕರ್ ಕರ್. ಸದ್ದು ಬರುತ್ತಿರುವವರೆಗೆ ಚಿಂತೆಯಿಲ್ಲ ಅಂದುಕೊಂಡಳು, ಹೆಣದ ಹಲ್ಲನ್ನು ಯಾರೂ ಕೆರೆಯುವುದಿಲ್ಲ. ಥೂ, ಏನು ಮಾತು ಬರುತ್ತದೋ ಈ ಹಾಳು ಮನಸ್ಸಿಗೆ.

ಹಲ್ಲು ನೋಡುವುದು ಅವರ ಮನೆಗೆ ಹೊಸದೇನಲ್ಲ, ಹಲ್ಲು ನೋಡಿಯೇ ಅಲ್ಲವೇ ಅವರ ಮನೆಯ ಒಲೆ ಉರಿದದ್ದು, ಅವಳ ಗಂಡ ಶಿವಮೂರ್ತಪ್ಪ ದನದ ದಲ್ಲಾಳಿ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಯಾವ ಸಂತೆಯಲ್ಲಿ ಯಾರು ಎತ್ತು ಹಿಡಿದರೂ ಶಿವಮೂರ್ತಣ್ಣ ಬಂದು ಬಾಯಿ ನೋಡಲಿ ಅನ್ನುತ್ತಿದ್ದರು, ಅವರು ಹೋರಿಯ ಕೆಳದುಟಿಯನ್ನು ಹೆಬ್ಬೆರಳಲ್ಲಿ ಮಡಚಿ ಒಂದೇ ಸಲ ನೋಡಿ, ಎರಡಲ್ಲು, ನಾಕಲ್ಲು, ಇದು ಬಾಯಿಗೂಡೈತೆ ಬಿಡ್ರಿ, ಎಲ್ಲಾ ಹಲ್ಲೂ ಬಂದಾವೆ, ಅನ್ನುತ್ತಿದ್ದರು, ಮುದಿ ಎತ್ತಿನ ಹಲ್ಲಿಗೆ ಅರ ಹಾಕಿ ಉಜ್ಜಿ ವಯಸ್ಸು ಕದಿಯುವವರ ಮಾನವನ್ನು ಸಂತೆಯ ನಡುವೆಯೇ ಕಳೆಯುತ್ತಿದ್ದರು, ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಳ್ಳುತ್ತ, ದನದ ಬಾಯಿ ಸುಳ್ಳು ಹೇಳಲ್ಲ ಕಣೇ, ಸುಳ್ಳು ಹೇಳಾದೇನಿದ್ರೂ ಮನುಷ್ಯರ ಬಾಯಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದ ಬಲಗೈ ಅದು, ಎರಡು ವರ್ಷದ ಹಿಂದೆ ಯುಗಾದಿ ಮುಗಿದ ವಾರ ಬಚ್ಚಲಿಂದ ಬಂದವರು ಹೊಸ್ತಿಲಲ್ಲಿ ಕುಸಿದರು, ಲಕ್ವ, ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು, ಸಂತೆಯನ್ನೇ ಬಾಯಲ್ಲಿಟ್ಟುಕೊಂಡು ಓಡಾಡಿದ ಮನುಷ್ಯನಿಗೆ ಒಂದೇ ಒಂದು ಮಾತು ಉಳಿಯಿತು. ಯಾವ ಮಾತು? ಹೆಂಡತಿಯ ಹೆಸರಲ್ಲ, ಹೊನ್ನಾಳಿಗೆ ಕೊಟ್ಟ ಮಗಳ ಹೆಸರಲ್ಲ, ಶಿವಾ ಅಂತ ಕೂಡ ಅಲ್ಲ, ಕೆಂಚಾ. ನಾಯಿಯ ಹೆಸರು! ಮೂರು ತಿಂಗಳು ಬಾಯಿ ಕಟ್ಟಿದ್ದವರು ಒಂದು ದಿನ ಮಧ್ಯಾಹ್ನ ಅವಳು ಗಂಜಿ ಕುಡಿಸುತ್ತಿದ್ದಾಗ ಬಾಗಿಲ ಕಡೆ ನೋಡಿ ಕೆ, ಕೆ, ಕೆಂಚಾ ಅಂದರು, ಅವಳು ಲೋಟ ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ಅತ್ತಳು, ಖುಷಿಗೋ ಹೊಟ್ಟೆಕಿಚ್ಚಿಗೋ ಅವಳಿಗೇ ಗೊತ್ತಾಗಲಿಲ್ಲ, ಮೂವತ್ತು ವರ್ಷ ಬೇಯಿಸಿ ಹಾಕಿದ್ದು ನಾನು, ನಾಲಿಗೆಯಲ್ಲಿ ಉಳಿದದ್ದು ನಾಯಿ. ಆಮೇಲೆ ಎಲ್ಲದಕ್ಕೂ ಅದೇ ಮಾತಾಯಿತು, ಕೆಂಚಾ ಎಂದು ಉದ್ದಕ್ಕೆ ಎಳೆದರೆ ನೀರು, ಚುಟುಕಾಗಿ ಅಂದರೆ ಮಗ್ಗುಲು ಬದಲಿಸು, ಎರಡು ಸಲ ಅಂದರೆ ಬಾಗಿಲು ತೆಗಿ ಗಾಳಿ ಬರಲಿ, ಅವರು ಕೆಂಚಾ ಅಂದಾಗೆಲ್ಲ ಅಡಿಗೆಮನೆಯಿಂದ ಇವಳೂ ಏಳುತ್ತಾಳೆ, ಹೊಸ್ತಿಲಿಂದ ಅದೂ ಏಳುತ್ತದೆ, ಇಬ್ಬರೂ ಮಂಚದ ಹತ್ತಿರ ಹೋಗಿ ನಿಲ್ಲುತ್ತಾರೆ, ಯಾರನ್ನು ಕರೆದರೋ ಎಂದು ಇಬ್ಬರೂ ಅವರ ಮುಖ ನೋಡುತ್ತಾರೆ, ನೆರೆಮನೆಯ ಗಿಡ್ಡಮ್ಮ ಇದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು, ನೋಡಕ್ಕಾ ಸವತಿ ಬಂದಂಗಾತು ನಿನಿಗೆ. ಸವತಿಯೇ, ಇನ್ನೇನು. ಹನ್ನೊಂದು ವರ್ಷದಲ್ಲಿ ಅವಳು ಒಂದು ದಿನವೂ ಅದನ್ನು ಹೆಸರು ಹಿಡಿದು ಕರೆದಿಲ್ಲ, ಹಚಾ, ಏಯ್, ನಾಯೇ, ಅಷ್ಟೆ.

ಹನ್ನೊಂದು ವರ್ಷದ ಹಿಂದೆ ನ್ಯಾಮತಿ ಸಂತೆಗೆ ಹೋರಿ ತರಲು ಹೋದವರು ಹೆಗಲ ಟವೆಲ್ಲಿನಲ್ಲಿ ಕೆಂಪನೆಯ ಒಂದು ಮುಷ್ಟಿ ಮರಿ ಕಟ್ಟಿಕೊಂಡು ಬಂದಿದ್ದರು, ಹೋರಿ ಎಲ್ಲಿ ಅಂದರೆ, ಬಾಯಿ ಸರಿ ಇರ್ಲಿಲ್ಲ ಬಿಟ್ಟುಬಂದೆ, ಇದರ ಬಾಯಿ ನೋಡು ಮುತ್ತು ಜೋಡಿಸಿದಂಗೆ ಐತೆ, ಮುತ್ತಂತೆ ಮುತ್ತು, ಅದೇ ಮುತ್ತು ಅವಳ ಹೊಸ ಚಪ್ಪಲಿಯನ್ನು ಮೂರನೇ ದಿನಕ್ಕೆ ಚಿಂದಿ ಮಾಡಿತ್ತು. ಈ ವರ್ಷ ಬೇಸಿಗೆಯಿಂದ ವಾಸನೆ ಶುರುವಾಯಿತು, ಮೊದಲು ಇಲಿ ಸತ್ತಿದೆ ಅಂದುಕೊಂಡು ಕಣಜದ ಸಂದಿಯನ್ನೆಲ್ಲ ಬಡಿದಳು, ಆಮೇಲೆ ಗೊತ್ತಾಯಿತು ಇದರ ಬಾಯಿ, ರೊಟ್ಟಿ ಕೊಟ್ಟರೆ ಒಂದೇ ಕಡೆ ಅಗಿದು ತಲೆ ಒದರಿ ಕೆಳಗೆ ಹಾಕುತ್ತಿತ್ತು, ಅವಳು ಹೊರಗೆ ಕಟ್ಟುತ್ತೇನೆಂದು ಹಗ್ಗ ತಂದರೆ ಮಂಚದಿಂದ ಕೆಂಚಾ ಕೆಂಚಾ ಕೆಂಚಾ, ಬೇಡ ಎಂದರ್ಥ. ಒಂದು ದಿನ ಅವರೇ ಎಡಗೈಯಲ್ಲಿ ಅದರ ತುಟಿ ಮಡಚಿ, ಹೋರಿಯ ಬಾಯಿ ನೋಡಿದ ಹಾಗೇ ಹೆಬ್ಬೆರಳಲ್ಲಿ ಮಡಚಿ, ಅವಳಿಗೆ ತೋರಿಸಿದರು, ಕೋರೆಹಲ್ಲಿನ ಬುಡದಲ್ಲಿ ಹಳದಿ ಕಪ್ಪು ಗಾರೆ, ವಸಡು ಕೆಂಪಗೆ ಬಾತು ಒಂದು ಹನಿ ಕೀವು, ಅವರ ಕಣ್ಣಲ್ಲಿ ನೀರು ತುಂಬಿತು, ತಮಗೆ ಲಕ್ವ ಹೊಡೆದಾಗ ಅಳದ ಮನುಷ್ಯ, ಬಾಯಿ ನೋಡಿ ವಯಸ್ಸು ಹೇಳುವವರಿಗೆ ಅದರ ಬಾಯಲ್ಲಿ ಏನು ಕಂಡಿತೋ. ಅದಕ್ಕೇ ಹೋದ ಬುಧವಾರ ಬಂದಿದ್ದಳು, ಡಾಕ್ಟರು ಟಾರ್ಚು ಹಾಕಿ ನೋಡಿದರು, ನೋಡ್ರಮ್ಮಾ, ಹಲ್ಲಿನ ಮೇಲೆ ಗಾರೆ ಕಟ್ಟೈತೆ, ಅದರ ಅಡಿಗೆ ಕೀವು ಐತೆ, ಹಿಂಗೇ ಬಿಟ್ರೆ ದವಡೆ ಮೂಳೆ ಕೊಳಿತೈತೆ, ಆ ಕೀವು ನುಂಗಿ ನುಂಗಿ ಒಳಗಿನ ಅಂಗ ಎಲ್ಲಾ ಹೋಗ್ತಾವೆ, ಕೆರೆದು ತೆಗೀಬೇಕು, ಎಚ್ಚರಿದ್ದಾಗ ಬಾಯಿ ಮುಟ್ಟಾಕೆ ಬಿಡಲ್ಲ, ಮತ್ತಿನ ಸೂಜಿ ಕೊಟ್ಟೇ ಮಾಡಬೇಕು, ಒಂದು ಮಾತು ನೆನಪಿಟ್ಕಳ್ರಿ, ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು, ಒಂದು ತುತ್ತೂ ಹಾಕಬಾರದು, ಹೊಟ್ಟೆಯಾಗೆ ಏನಾರ ಇದ್ರೆ ಮತ್ತಿನಾಗೆ ಮೇಲಕ್ಕೆ ಬಂದು ಉಸಿರಿನ ದಾರಿಗೆ ಹೋಗ್ತೈತೆ, ಆಮೇಲೆ ನನ್ನ ಕೈಲೂ ಏನೂ ಮಾಡಾಕೆ ಬರಲ್ಲ, ತಿಳೀತಾ. ತಿಳೀತು ಸಾರ್ ಅಂದಳು. ತಿಳಿದಿತ್ತು, ಚೆನ್ನಾಗಿಯೇ ತಿಳಿದಿತ್ತು. ನಿನ್ನೆ ಸಂಜೆಯೇ ರೊಟ್ಟಿಬುಟ್ಟಿಯನ್ನು ಅಟ್ಟಕ್ಕೆ ಏರಿಸಿದಳು, ಮುಸುರೆ ಪಾತ್ರೆಯನ್ನು ಮನೆಯೊಳಗೇ ತೊಳೆದಳು, ಅದು ಬಂದು ಮಂಡಿಗೆ ಮೂಗು ಒತ್ತಿದಾಗ, ಹಚಾ, ನಾಳೆ ತಿನ್ನೀಯಂತೆ ಹೋಗು, ನಾನೂ ನಾಳೆ ಸೋಮವಾರ ಒಪ್ಪತ್ತು, ಇಬ್ಬರೂ ಹಸ್ಕಂಡು ಹೋಗಾನ ಜಗಳೂರಿಗೆ, ಹಾಗೆ ಅದರೊಡನೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಕರ್ ಕರ್, ನಡುವೆ ಟಿಣ್ ಎಂದು ಏನೋ ತಟ್ಟೆಗೆ ಬಿದ್ದ ಸದ್ದು, ಗಾರೆಯ ಚೂರಿರಬೇಕು. ಬೆಳಿಗ್ಗೆ ಪಕ್ಕದೂರಿನ ಶೇಂಗಾ ಚೀಲದ ಟ್ರ್ಯಾಕ್ಟರಿನಲ್ಲಿ ಬಂದದ್ದು, ಬಸ್ಸಿನ ಕಂಡಕ್ಟರು ನಾಯಿನ ಟಾಪಿಗೆ ಹಾಕ್ರಿ ಅಂದಾನು ಎಂದು, ಚೀಲದ ಮೇಲೆ ಅವಳು, ಅವಳ ತೊಡೆಯ ಮೇಲೆ ಅದು, ಬಾಯಿಯ ನಾತಕ್ಕೆ ಸೆರಗು ಮೂಗಿಗೆ ಕಟ್ಟಿಕೊಂಡಿದ್ದಳು, ಹಳ್ಳ ಬಂದಾಗ ಟ್ರ್ಯಾಕ್ಟರು ಎತ್ತಿ ಹಾಕಿದರೆ ಅದು ಬೆದರಿ ಅವಳ ಕಂಕುಳೊಳಗೆ ತಲೆ ತೂರಿಸಿತು, ಸವತಿಯ ತಲೆ, ಬಿಸಿಯಾಗಿತ್ತು, ತಳ್ಳಲಿಲ್ಲ. ಡಾಕ್ಟರು ಬಿಳಿಕೋಟು ಹಾಕಿಕೊಳ್ಳುತ್ತ ಕೇಳಿದರು, ನಿನ್ನೆ ರಾತ್ರಿಯಿಂದ ಏನಾರ ತಿಂದೈತೇನಮ್ಮಾ, ಅವಳು ಥಟ್ಟನೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ, ಇಲ್ಲ ಸಾರ್, ಒಂದು ತುತ್ತೂ ಇಲ್ಲ, ನೀವು ಹೇಳಿದಂಗೇ ಉಪವಾಸ ಕೆಡವೀನಿ, ನಾನೂ ಇವತ್ತು ಒಪ್ಪತ್ತು, ಡಾಕ್ಟರು ನಕ್ಕರು, ಶಹಬ್ಬಾಸ್, ಎಲ್ಲರೂ ನಿಮ್ಮಂಗಿದ್ರೆ ನಮ್ಮ ಕೆಲಸ ಹಗುರ. ಅವರ ಕೈಯಾಳು ಚಿಕ್ಕಹನುಮಂತಪ್ಪ, ನೆರೆತ ಮೀಸೆಯವನು, ನಾಯಿಯನ್ನು ತಬ್ಬಿ ಮೇಜಿಗೆ ಎತ್ತಿದ, ಮುಂಗಾಲಿನ ಕೂದಲು ಬೋಳಿಸಿದರು, ಸೂಜಿ ಚುಚ್ಚುವಾಗ ಅದು ಡಾಕ್ಟರ ಕಡೆ ನೋಡಲಿಲ್ಲ, ಚಿಕ್ಕಹನುಮಂತಪ್ಪನ ಕಡೆ ನೋಡಲಿಲ್ಲ, ಇವಳ ಕಡೆಯೇ ನೋಡಿತು, ನೋಡುತ್ತ ನೋಡುತ್ತಲೇ ಕಣ್ಣು ಮಂಜಾಗಿ, ನಾಲಿಗೆ ಒಂದು ಮಗ್ಗುಲಿಗೆ ಜಾರಿತು, ಕೆಂಪನೆಯ ನಾಲಿಗೆ, ಬೆಳಿಗ್ಗೆ ಅವರ ಅಂಗೈ ನೆಕ್ಕಿದ ನಾಲಿಗೆ, ಇನ್ನು ಹೊರಗೆ ಇರ್ರಮ್ಮಾ ಎಂದರು ಡಾಕ್ಟರು. ಅವಳು ಹೊರಗೆ ಬಂದಳು.

ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿರುವ ದುರುಗಕ್ಕ ಎರಡು ಕುರಿ ತಂದಿದ್ದಾಳೆ, ಒಂದಕ್ಕೆ ಬಾಯಿಹುಣ್ಣು, ಇನ್ನೊಂದು ಅದರ ಜೊತೆಗೆ ಸುಮ್ಮನೆ ಬಂದದ್ದು, ಬಿಟ್ಟುಬಂದ್ರೆ ಒದರಿ ಒದರಿ ಸಾಯ್ತೈತೆ ಕಣಕ್ಕಾ, ಅವಳು ಮಡಿಲಿನಿಂದ ಮಂಡಕ್ಕಿ ತೆಗೆದು ಒಂದು ಹಿಡಿ ಇವಳ ಮುಂದೆ ಹಿಡಿದಳು, ತಗಾಳಕ್ಕಾ, ಮುಖ ಬಾಡೈತೆ, ಬೇಡ ಕಣವ್ವಾ ಇವತ್ತು ಒಪ್ಪತ್ತು, ಅಯ್ಯೋ ಬೆಳಗಿಂದ ಬಾಯಿಗೆ ಏನೂ ಹಾಕ್ಕಂಡಿಲ್ಲೇನು, ಇಲ್ಲ, ಪ್ರಸಾದ ತಗಂಡೀನಿ ಅಷ್ಟೆ — ಪ್ರಸಾದ ತಗಂಡೀನಿ ಅಷ್ಟೆ, ಮಾತು ಬಾಯಿಂದ ಹೊರಗೆ ಬಿತ್ತು, ಬಿದ್ದಮೇಲೆ ಅವಳು ಅದನ್ನು ಕೇಳಿದಳು, ಪ್ರಸಾದ, ತಗಂಡೀನಿ, ನಾನು ತಗಂಡೀನಿ, ಅವರು ತಗಂಡರು, ಅದೂ — ಅದೂ ತಗಂಡಿತು. ಇಲ್ಲ, ತಾಳು, ತಾಳು, ಬೆಳಿಗ್ಗೆ ಏನಾಯಿತು, ಎದ್ದು ಮಡಿನೀರು ತಂದು ಗೋಧಿಹುಗ್ಗಿ ಮಾಡಿದಳು, ಶ್ರಾವಣ ಸೋಮವಾರ, ಬೆಲ್ಲ ಹಾಲು ತುಪ್ಪ ಹಾಕಿ ಎಡೆಗೆಂದು ಒಂದು ತಟ್ಟೆ ತೆಗೆದಿಟ್ಟಳು, ಅವರನ್ನು ದಿಂಬಿಗೆ ಒರಗಿಸಿ ಹಣೆಗೆ ವಿಭೂತಿ ಹಚ್ಚಿ ಕರಡಿಗೆಯಿಂದ ಲಿಂಗ ತೆಗೆದು ಅವರ ಎಡ ಅಂಗೈಯಲ್ಲಿಟ್ಟಳು, ಶಿವನ ದಯ, ಲಿಂಗ ಕೂರುವ ಕೈಯೊಂದು ಉಳಿದಿದೆ, ನೀರು ಎರೆಯುವ ಬಲಗೈ ಅವಳದು, ಪತ್ರೆ ಏರಿಸುವ ಬಲಗೈ ಅವಳದು, ಎರಡು ವರ್ಷದಿಂದ ಇಬ್ಬರೂ ಸೇರಿ ಒಂದೇ ಪೂಜೆ ಮಾಡುತ್ತಾರೆ, ಪೂಜೆ ಮುಗಿದು ಲಿಂಗ ಕರಡಿಗೆಗೆ ಹೋದಮೇಲೆ ಅದೇ ಅಂಗೈಗೆ ಪ್ರಸಾದ ಹಾಕುತ್ತಾಳೆ, ಅವರು ಒಂದು ಚೂರು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮಂಚದಿಂದ ಕೆಳಗೆ ಚಾಚುತ್ತಾರೆ, ಕೆಂಚಾ, ಅದು ಬಂದು ನೆಕ್ಕುತ್ತದೆ, ನಾಯಿಗೆ ಪ್ರಸಾದ ಕೊಡುವುದೇ, ಅದೂ ಎಡಗೈಯಲ್ಲಿ, ಎಂದು ಹಿಂದೆ ಅತ್ತೆ ಗೊಣಗುತ್ತಿದ್ದಳು, ಮಾತಿದ್ದಾಗಿನ ಅವರ ಉತ್ತರ, ಲಿಂಗ ಕುಂದ್ರೋ ಕೈ ಅವ್ವಾ ಇದು, ಶಿವನ ಪ್ರಸಾದಕ್ಕೆ ನಾಯಿ ನರ ಅಂತ ಭೇದ ಐತಾ. ಹನ್ನೊಂದು ವರ್ಷ, ಒಂದು ದಿನ ತಪ್ಪಿಲ್ಲ. ಇವತ್ತೂ ತಪ್ಪಲಿಲ್ಲ. ಇವತ್ತು ಅದು ಹಸಿದು ಕುಂಯ್‌ಗುಡುತ್ತಿತ್ತು, ಅವರು ಒಂದು ಚೂರಲ್ಲ, ಅಂಗೈ ತುಂಬ ಹಾಕು ಎಂದು ಕಣ್ಣಲ್ಲೇ ಹೇಳಿದರು, ಕೆಂಚಾ, ಹಾಕಿದಳು, ಇನ್ನೊಂದು ಸಲ ಕೆಂಚಾ, ಇನ್ನೊಂದು ಸಲ ಹಾಕಿದಳು, ತಟ್ಟೆಯೇ ಬರಿದಾಯಿತು, ಅವಳೇ ಈ ಕೈಯಾರೆ, ತಟ್ಟೆಯ ಅಂಚು ಅವರ ಅಂಗೈಗೆ ತಾಗಿಸಿ, ಬೆಚ್ಚಗಿನ ಹುಗ್ಗಿ, ಅಂಗೈಯ ಗೆರೆಗೆರೆಯಲ್ಲೂ ಆಡಿದ ಕೆಂಪು ನಾಲಿಗೆ. ಒಂದು ತುತ್ತೂ ಇಲ್ಲ ಸಾರ್. ಅವಳು ಸುಳ್ಳು ಹೇಳಲಿಲ್ಲ, ದೇವರಾಣೆ ಸುಳ್ಳು ಹೇಳಲಿಲ್ಲ, ರೊಟ್ಟಿ ಹಾಕಿಲ್ಲ, ಅನ್ನ ಹಾಕಿಲ್ಲ, ಪ್ರಸಾದವನ್ನು ಯಾರಾದರೂ ಊಟ ಅನ್ನುತ್ತಾರೆಯೇ, ಪ್ರಸಾದ ತಗೊಂಡರೆ ಒಪ್ಪತ್ತು ಕೆಡುತ್ತದೆಯೇ, ಅವಳ ಅವ್ವ ಹೇಳಿಕೊಟ್ಟದ್ದು ಅದು, ಅವ್ವನಿಗೆ ಅವಳವ್ವ, ಆದರೆ ನಾಯಿಯ ಹೊಟ್ಟೆಗೆ ಹೇಳಿಕೊಟ್ಟವರು ಯಾರು. ದುರುಗಕ್ಕ ಮಂಡಕ್ಕಿ ಅಗಿಯುತ್ತಲೇ ಇದ್ದಾಳೆ, ಯಾಕಕ್ಕಾ ಹಿಂಗೆ ಬೆವತೀಯ, ಬಿಸಿಲು ಕಣವ್ವಾ ಅಂದಳು ಕಲ್ಲಮ್ಮ. ಜಗಲಿಯಲ್ಲಿ ಬಿಸಿಲೇ ಇರಲಿಲ್ಲ.

ಏಳು, ಏಳೇ, ಹೋಗಿ ಹೇಳು, ಎದ್ದಳು, ಬಾಗಿಲು ನಾಲ್ಕು ಹೆಜ್ಜೆ, ಬೆರಳ ಗಂಟಿನಿಂದ ತಟ್ಟಿದಳು, ಮೆಲ್ಲಗೆ, ನೆಂಟರ ಮನೆಯ ಬಾಗಿಲು ತಟ್ಟಿದ ಹಾಗೆ, ಯಾರೂ ಬರಲಿಲ್ಲ, ಇನ್ನೊಮ್ಮೆ ತಟ್ಟಿದಳು, ಚಿಕ್ಕಹನುಮಂತಪ್ಪ ಬಾಗಿಲನ್ನು ಮುಖದಷ್ಟೇ ತೆರೆದ, ಏನಮ್ಮಾ, ಸ್ಪಿರಿಟ್ಟಿನ ವಾಸನೆ, ಅವನ ಭುಜದ ಮೇಲಿನಿಂದ ಡಾಕ್ಟರ ಬೆನ್ನು ಮಾತ್ರ ಕಾಣುತ್ತಿತ್ತು, ಅಣ್ಣಾ, ಒಂದು ಮಾತು, ಬೆಳಿಗ್ಗೆ, ಪ್ರಸಾದ ಕೊಟ್ಟಿದ್ವಿ ಅದಕ್ಕೆ, ಪ್ರಸಾದಾನಾ, ಅವನು ಹುಬ್ಬೇರಿಸಿದ, ಆಮೇಲೆ ಮುಖ ಸಡಿಲಿಸಿ ಮೀಸೆಯಲ್ಲೇ ನಕ್ಕ, ಅಯ್ಯೋ ನಾನೇನೋ ಅಂದ್ಕಂಡೆ ಕಣಮ್ಮಾ, ಪ್ರಸಾದಕ್ಕೆ ಏನಾಗ್ತೈತೆ, ದೇವರದ್ದು ಅದು, ಪ್ರಸಾದ ತಿಂದು ಯಾರಿಗಾರ ಕೆಡುಕಾಗೈತಾ, ಕುಂತ್ಕಳ್ರಿ, ಈಗ ಮಾತಾಡಿಸಿದ್ರೆ ಸಾಹೇಬ್ರಿಗೆ ಸಿಟ್ಟು ಬರ್ತೈತೆ, ಹಂಗಲ್ಲಣ್ಣಾ, ತಟ್ಟೆ ತುಂಬ — ಬಾಗಿಲು ಮುಚ್ಚಿತು. ತಟ್ಟೆ ತುಂಬ ಎನ್ನುವ ಮಾತು ಹಲಗೆಗೆ ಬಡಿದು ಅವಳ ಮುಖಕ್ಕೇ ಬಂತು. ನಿಂತಳು. ಅವನಿಗೂ ಅದು ಊಟವಲ್ಲ, ನನ್ನ ಹಾಗೇ ಅವನೂ, ಎಲ್ಲ ಅವ್ವಂದಿರೂ ಒಂದೇ ಪಾಠ ಹೇಳಿದ್ದಾರೆ, ಅವನು ಡಾಕ್ಟರಿಗೆ ಹೇಳುವುದಿಲ್ಲ, ಇರಲಿ, ಅವನೇ ಹೇಳಿದನಲ್ಲ ಏನೂ ಆಗಲ್ಲ ಅಂತ, ಇಷ್ಟು ವರ್ಷ ದನ ಕುರಿಯ ಜೊತೆ ಇದ್ದವನು, ಅವನಿಗೆ ಗೊತ್ತಿರದೆ ಇರುತ್ತದೆಯೇ, ಪ್ರಸಾದ ಕಾಯದೆ ಕೊಲ್ಲುತ್ತದೆಯೇ, ಶಿವಾ, ನಿನ್ನ ಎಡೆಯಪ್ಪಾ ಅದು, ನಿನ್ನ ಮುಂದೆ ಹಿಡಿದ ತಟ್ಟೆ. ಕೂಗಿಬಿಡಲೇ, ಇಲ್ಲಿಂದಲೇ, ಸಾರ್ ಹುಗ್ಗಿ ತಿಂದೈತೆ ಸಾರ್ ಅಂತ, ಕೂಗಿದರೆ ಅವರು ಬೆಚ್ಚಿ ಆ ಚೂಪು ಕಬ್ಬಿಣ ವಸಡಿಗೆ ಹೊಕ್ಕರೆ, ಕೂಗಿದರೆ ಏನಾಗುತ್ತದೆ, ಮತ್ತೇರಿ ಆಗಿದೆ, ಹುಗ್ಗಿ ಹೊಟ್ಟೆಯಲ್ಲಿದೆ, ಚುಚ್ಚಿದ ಸೂಜಿಯನ್ನು ಹಿಂದಕ್ಕೆ ಎಳೆದುಕೊಳ್ಳಲು ಬರುತ್ತದೆಯೇ, ಅಥವಾ ಬರುತ್ತದೇನೋ, ಮಿಲಿಟರಿಯಲ್ಲಿ ಏನಾದರೂ ಉಪಾಯವಿರುತ್ತದೇನೋ, ಬಾಯಿ ತೆರೆದಳು, ಗಂಟಲಿಂದ ಗಾಳಿ ಬಂತು, ಮಾತು ಬರಲಿಲ್ಲ, ಅವರಿಗೆ ಹೀಗೇ ಆಗುತ್ತದೆಯೇ, ಎಲ್ಲ ಮಾತೂ ಒಳಗೆ ತುಂಬಿಕೊಂಡು ಒಂದೂ ಹೊರಗೆ ಬರದೆ, ಎರಡು ವರ್ಷದಿಂದ ದಿನಾ ಹೀಗೇ ಆಗುತ್ತದೆಯೇ. ಕರ್ ಕರ್ ಕರ್. ಸದ್ದು ಇದೆ. ಸದ್ದಿರುವವರೆಗೆ ಇದೆ. ಅವಳು ಬಾಗಿಲಿಗೆ ಕಿವಿಯಿಟ್ಟು ನಿಂತಳು, ದುರುಗಕ್ಕನ ಕುರಿ ಅವಳ ಸೀರೆಯ ನೆರಿಗೆಯನ್ನು ಕಚ್ಚಿ ಎಳೆಯಿತು.

ಒಂದು, ಎರಡು, ಮೂರು, ಪ್ರತಿ ಕೆರೆತಕ್ಕೂ ಓಂ ನಮಃ ಶಿವಾಯ, ನೂರೆಂಟು ಆಗುವುದರೊಳಗೆ ಮುಗಿಯುತ್ತದೆ, ಅದು ತೂರಾಡುತ್ತ ಏಳುತ್ತದೆ, ಟ್ರ್ಯಾಕ್ಟರು ಬೇಡ, ಬಸ್ಸಿನಲ್ಲೇ ಕರೆದೊಯ್ಯುತ್ತೇನೆ, ಕಂಡಕ್ಟರು ಏನು ಬೇಕಾದರೂ ಅನ್ನಲಿ, ಗಿಡ್ಡಮ್ಮ ಅವರ ಹತ್ತಿರ ಕೂತಿದ್ದಾಳೆ, ನೀನು ನಿಶ್ಚಿಂತೆಯಿಂದ ಹೋಗಿ ಬಾರಕ್ಕಾ ಅಂದಿದ್ದಾಳೆ, ಹೊರಡುವಾಗ ಅವರು ಮಂಚದಿಂದ ಎಡಗೈ ಎತ್ತಿ ಕೆಂಚಾ ಅಂದರಲ್ಲ, ಹುಷಾರು ಎಂದೋ, ಬೇಗ ಬಾ ಎಂದೋ, ನಾಯಿಗೆ ಅಂದದ್ದೋ, ನನಗೆ ಅಂದದ್ದೋ, ಇಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು, ಅರವತ್ತೊಂದು, ಅರವತ್ತೆರಡು, ಇನ್ನು ಮೇಲೆ ಅದನ್ನು ಬೈಯುವುದಿಲ್ಲ ಶಿವನೇ, ಹೆಸರು ಹಿಡಿದೇ ಕರೆಯುತ್ತೇನೆ, ಅವರ ಬಾಯಿಯ ಒಂದೇ ಮಾತು ಅದು, ಅದನ್ನೂ ಕಿತ್ತುಕೊಳ್ಳಬೇಡ, ಅರವತ್ತ — ಸದ್ದು ನಿಂತಿತು. ಟಿಣ್ ಎಂದು ಕಬ್ಬಿಣ ಬಿದ್ದ ಸದ್ದು, ಏನೋ ಉಕ್ಕಿದ ಸದ್ದು, ಡಾಕ್ಟರ ದನಿ, ತಲೆ ಕೆಳಗೆ ಮಾಡೋ, ಕೆಳಗೆ ಮಾಡೋ ಹನುಮಂತಪ್ಪಾ, ಬಟ್ಟೆ ಕೊಡು, ಬಾಯಿ ಹಿಡಿ, ಇನ್ನೂ ಕೆಳಗೆ, ಕಾಲುಗಳ ಓಡಾಟ, ಮೇಜು ಎಳೆದದ್ದು, ಆಮೇಲೆ ತುಂಬ ಹೊತ್ತು ಥಪ್ ಥಪ್ ಎಂದು ಪಕ್ಕೆ ತಟ್ಟುವ ಸದ್ದು, ರೊಟ್ಟಿ ಬಡಿಯುವ ಸದ್ದು ಅದು, ಮನೆಯಲ್ಲಿ ದಿನಾ ಕೇಳುವ ಸದ್ದು. ಬಾಗಿಲು ಪೂರ್ತಿ ತೆರೆಯಿತು. ಚಿಕ್ಕಹನುಮಂತಪ್ಪ ಅವಳ ಮುಖ ನೋಡಲಿಲ್ಲ, ಒಳಗೆ ಬರ್ರಿ ಅಂದ.

ಮೇಜಿನ ಅಂಚಿನಿಂದ ತಲೆ ಕೆಳಗೆ ಜೋತಿತ್ತು, ಕೆಳಗೆ ಬೋಗುಣಿ, ಬೋಗುಣಿಯಲ್ಲಿ ಹುಗ್ಗಿ, ಗೋಧಿಯ ಕಾಳು ಕಾಳೂ ಹಾಗೇ ಇದ್ದವು, ಬೆಲ್ಲದ ಬಣ್ಣವೂ ಹಾಗೇ ಇತ್ತು, ಡಾಕ್ಟರು ಬೋಗುಣಿ ನೋಡಿದರು, ಅವಳನ್ನು ನೋಡಿದರು, ತಿನ್ನಿಸಿಲ್ಲ ಅಂದ್ರಲ್ಲಮ್ಮಾ, ಅಂದರು, ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದಳು, ಸೋತ ದನಿಯಲ್ಲಿ ಅಂದರು, ಮೂಲೆಯಲ್ಲಿ ಚಿಕ್ಕಹನುಮಂತಪ್ಪ ಬಟ್ಟೆ ಹಿಂಡುತ್ತ ನಿಂತೇ ಇದ್ದ, ಸುಳ್ಳು ಹೇಳಾದೇನಿದ್ರೂ ಮನುಷ್ಯರ ಬಾಯಿ. ಅವಳು ಹತ್ತಿರ ಹೋದಳು. ಬಾಯಿ ತೆರೆದೇ ಇತ್ತು, ಒಂದು ಕಡೆ ಹಲ್ಲು ಪೂರ್ತಿ ಬೆಳ್ಳಗಾಗಿತ್ತು, ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದ ದಿನ ಇದ್ದಷ್ಟು ಬಿಳುಪು, ಇನ್ನೊಂದು ಕಡೆ ಗಾರೆ ಹಾಗೇ ಉಳಿದಿತ್ತು. ಡಾಕ್ಟರು ಎದೆಗೆ ಕೊಳವೆ ಇಟ್ಟು, ಸಣ್ಣಗೆ ಆಡ್ತೈತೆ, ಕರೀರಿ, ಹೆಸರು ಹಿಡಿದು ಕರೀರಿ, ಎಲ್ಲಾ ಹೋದ್ರೂ ಕಿವಿ ಒಂದು ಕೊನೇವರೆಗೂ ಇರ್ತೈತೆ, ಗುರುತಿನ ದನಿಗೆ ಒಂದೊಂದು ಸಲ ಉಸಿರು ಎಳ್ಕಳ್ತಾವೆ. ಗುರುತಿನ ದನಿ ಅಲ್ಲಿ ಮಂಚದ ಮೇಲಿದೆ, ಮೂರು ಹರದಾರಿ ಆಚೆ, ಇವಳ ದನಿಗೆ ಅದಕ್ಕೆ ಗೊತ್ತಿರುವುದು ಹಚಾ ಒಂದೇ, ಕರೀರಮ್ಮಾ, ಬಾಯಿ ತೆರೆದಳು, ಹನ್ನೊಂದು ವರ್ಷದ ಮೇಲೆ, ಕೆ, ಕೆ, ಅವರಿಗೆ ಬರುವ ಹಾಗೇ ಬಂತು, ಕೆಂಚಾ. ಕೆಂಚಾ. ಯಾವ ಕೆಂಚ ಇದು, ನೀರು ಅಲ್ಲ, ಮಗ್ಗುಲು ಬದಲಿಸುವುದಲ್ಲ, ಬಾಗಿಲು ತೆಗೆಯುವುದಲ್ಲ, ಏಳಪ್ಪಾ ಎನ್ನುವ ಕೆಂಚ, ಕೆಂಚಾ, ಮಂಡಿಯೂರಿ ಕೂತು ಎಡಗೈ ಚಾಚಿದಳು, ಅವರು ಚಾಚುವ ಹಾಗೇ ಅದರ ಮೂಗಿನ ಹತ್ತಿರ, ಅಂಗೈಯಲ್ಲಿ ಇನ್ನೂ ತುಪ್ಪದ ವಾಸನೆಯಿತ್ತು, ನಾಲಿಗೆ ಅಂಗೈಗೆ ತಾಗಿತು, ತಾಗಿಯೇ ಇತ್ತು, ಆಡಲಿಲ್ಲ. ಡಾಕ್ಟರು ಕಿವಿಯಿಂದ ಕೊಳವೆ ತೆಗೆದು ಕೊರಳಿಗೆ ಹಾಕಿಕೊಂಡರು. ಹೊರಗೆ ದುರುಗಕ್ಕನ ಕುರಿ ಒದರುತ್ತಿದೆ, ಜೊತೆಗೆ ಬಂದದ್ದೋ, ಹುಣ್ಣಿನದೋ, ಇನ್ನು ಊರಿಗೆ ಹೋಗಬೇಕು, ಹೋದಕೂಡಲೇ ಅವರು ಬಾಗಿಲ ಕಡೆ ನೋಡಿ ಕೆಂಚಾ ಅನ್ನುತ್ತಾರೆ, ನಾನೊಬ್ಬಳೇ ಹೋಗಿ ಮಂಚದ ಹತ್ತಿರ ನಿಲ್ಲುತ್ತೇನೆ, ಏನು ಹೇಳುವುದು, ಹೇಳಿದರೆ ಆ ಒಂದು ಮಾತೂ ಹೋಗುತ್ತದೆ, ಹೇಳದಿದ್ದರೆ, ನಾಳೆ ಬೆಳಿಗ್ಗೆ ವಿಭೂತಿ, ಪತ್ರೆ, ನೀರು, ಲಿಂಗ ಕರಡಿಗೆಗೆ ಹೋಗುತ್ತದೆ, ನಾನು ತಟ್ಟೆ ಹಿಡಿಯುತ್ತೇನೆ, ಅವರು ಎಡಗೈ ಮಂಚದಿಂದ ಕೆಳಗೆ ಚಾಚುತ್ತಾರೆ, ಅಂಗೈ, ಚಾಚಿದ ಎಡ ಅಂಗೈ, ಅಂಗೈ ತುಂಬ ಹುಗ್ಗಿ, ಹು‌ಗ್ಗಿ ಆರುತ್ತಿದೆ, ಆರಿ ಕೆನೆಗಟ್ಟುತ್ತಿದೆ, ಅವರು ಕೈ ಹಿಂದಕ್ಕೆ ತೆಗೆಯುತ್ತಿಲ್ಲ.